ಲಿಫ್ಟಣ್ಣ ಪರದೇಶದಲ್ಲಿ ಕಾಯಿಲೆ ಬಿದ್ದದ್ದು

ನಾನಿರುವ ಕಟ್ಟಡಕ್ಕೆ ಒಂಬತ್ತು ಮಹಡಿ, ಎರಡು ಲಿಫ್ಟು. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಆ ಲಿಫ್ಟುಗಳನ್ನು ನೋಡಿಕೊಂಡವರು ಒಬ್ಬರೇ. ಅವರ ಹೆಸರು ಕೊರಳಿನ ಗುರುತಿನ ಚೀಟಿಯಲ್ಲಿ ಇದ್ದಿರಬೇಕು, ನಾನು ಬಗ್ಗಿ ಓದಿದವನಲ್ಲ. ವಾಚ್‌ಮನ್‌ನಿಂದ ಹಿಡಿದು ನರ್ಸರಿ ಮಕ್ಕಳವರೆಗೆ ಎಲ್ಲರಿಗೂ ಅವರು ಲಿಫ್ಟಣ್ಣ.

ಕುಳ್ಳಗಿನ ಆಳು. ಹೆಗಲಿಗೆ ಒಂದು ಚೀಲ, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಲಿಫ್ಟಿನೊಳಗೆ ನಿಂತು ಕಣ್ಣು ಮುಚ್ಚಿಕೊಂಡು ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ಅದರ ರೋಗ ಹೇಳುತ್ತಿದ್ದರು. "ನಾಲ್ಕನೇ ಮಹಡಿ ಬಾಗಿಲು ನರಳ್ತಿದೆ. ಇನ್ನು ಹದಿನೈದು ದಿನ ಬಿಟ್ರೆ ಕೈ ಕೊಡುತ್ತೆ." ಕೈ ಕೊಡುವ ಮೊದಲೇ ಸರಿಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಯಾರಾದರೂ ಟೀ ಕುಡಿಯಲೆಂದು ನೋಟು ನೀಡಿದರೆ, "ಕಂಪನಿ ಸಂಬಳ ಕೊಡುತ್ತೆ ಸಾರ್, ಟೀ ಬೇಕಾದ್ರೆ ಕೊಡಿ, ಕುಡೀತೀನಿ" ಅನ್ನುತ್ತಿದ್ದರು. ಊರಿನಲ್ಲಿ ಅವರ ಪಾಲಿಗೆ ಮೂವತ್ತೆಂಟು ಕಟ್ಟಡ, ಅರವತ್ತೊಂದು ಲಿಫ್ಟು. ಜೊತೆಗೆ ಯಾವಾಗಲೂ ಇನ್ನೊಬ್ಬ ಮೆಕ್ಯಾನಿಕ್. ಅವರು ಎಷ್ಟು ಎತ್ತರ ಅಂದರೆ ಮಷಿನ್ ರೂಮಿನ ಬಾಗಿಲಿಗೆ ದಿನಾ ಹಣೆ ಬಡಿಸಿಕೊಳ್ಳುತ್ತಿದ್ದರು. ಅವರಿಗೆ ಉದ್ದಣ್ಣ ಅಂತಲೇ ಹೆಸರು.

ಲಿಫ್ಟಣ್ಣನಿಗೆ ಐವತ್ತನಾಲ್ಕು ತುಂಬಿದ ವರ್ಷ ಕಂಪನಿಯವರು ಒಂದು ಬಹುಮಾನ ಕೊಟ್ಟರು. ಮೂವತ್ತು ವರ್ಷ ಒಂದೂ ಅಪಘಾತವಿಲ್ಲದೆ ಕೆಲಸ ಮಾಡಿದ ಹನ್ನೊಂದು ಜನರಿಗೆ ಆರು ದಿನದ ಪರದೇಶ ಪ್ರವಾಸ. ಇಲ್ಲಿಂದ ಹೋಗುವವರು ಲಿಫ್ಟಣ್ಣ, ಉದ್ದಣ್ಣ ಇಬ್ಬರು. ಹಿಂದಿನ ವರ್ಷ ಲಿಫ್ಟಣ್ಣ ಹೊಟ್ಟೆನೋವೆಂದು ಹೋದಾಗ ಸ್ಕ್ಯಾನ್ ಮಾಡಿದ ಡಾಕ್ಟರು ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸಿಬಿಡಿ ಅಂದಿದ್ದರು. ರಜೆ ಸಿಕ್ಕಿರಲಿಲ್ಲ, ನೋವೂ ಮತ್ತೆ ಬಂದಿರಲಿಲ್ಲ. ಹೆಂಡತಿ ನೆನಪಿಸಿದರು.

"ಹೊಟ್ಟೇಲಿ ಕಲ್ಲಿಟ್ಕೊಂಡು ಅಷ್ಟು ದೂರ ಹೋಗ್ಬೇಕಾ?"

"ಬಿಟ್ಟಿ ಸಿಕ್ಕಿದ್ರೆ ನನಗೂ ಇರ್ಲಿ, ನಮ್ಮಪ್ಪನಿಗೂ ಇರ್ಲಿ ಅಂತಾರೆ. ಆರೇ ದಿನ ತಾನೆ? ಕಲ್ಲೂ ಒಂದಿಷ್ಟು ಊರು ನೋಡ್ಕೊಂಡು ಬರ್ಲಿ."

ಪ್ರವಾಸದ ವಿಮೆಯ ಅರ್ಜಿಯನ್ನು ಆಫೀಸಿನ ಗುಮಾಸ್ತನೇ ಹನ್ನೊಂದೂ ಜನರಿಗೆ ತುಂಬಿದ. 'ಹಿಂದೆ ಯಾವುದಾದರೂ ಕಾಯಿಲೆ ಇತ್ತೇ' ಎಂಬ ಪ್ರಶ್ನೆಗೆ ಹನ್ನೊಂದು ಕಡೆಯೂ 'ಇಲ್ಲ' ಎಂದು ಗುರುತು ಹಾಕಿ, ಕೆಳಗೆ ಸಹಿ ಮಾಡಿಸಿಕೊಂಡ. ಲಿಫ್ಟಣ್ಣ ಓದದೆ ಸಹಿ ಹಾಕಿದರು. ಊಟದ ಹೊತ್ತು, ಎದುರಿನ ಕಟ್ಟಡದಲ್ಲಿ ಒಂದು ಬಾಗಿಲು ಸಿಕ್ಕಿಕೊಂಡಿತ್ತು.

ಹೋದ ಊರಿನಲ್ಲಿ ಮೊದಲೆರಡು ದಿನ ಎಲ್ಲರೂ ಅಂಗಡಿ, ಸೇತುವೆ, ಸಮುದ್ರ ನೋಡಿದರೆ ಇವರಿಬ್ಬರೂ ಹೋಟೆಲಿನ ಲಿಫ್ಟನ್ನೇ ನೋಡಿದರಂತೆ. ಮೂವತ್ತೆರಡು ಮಹಡಿ, ನೀರು ತುಂಬಿದ ಲೋಟ ನೆಲದ ಮೇಲಿಟ್ಟರೆ ಒಂದು ಹನಿ ಚೆಲ್ಲಲಿಲ್ಲ. ಮೂರನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಲಿಫ್ಟಣ್ಣನಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಬೆನ್ನಿಗೆ ಹಾಯುವ ನೋವು. ಅರ್ಧ ಗಂಟೆಯಲ್ಲಿ ಮೈಯೆಲ್ಲ ಬೆವರು, ವಾಂತಿ. ಹೋಟೆಲಿನವರು ಆಂಬುಲೆನ್ಸ್ ಕರೆಸಿದರು. ಪಿತ್ತಕೋಶದ ಕಲ್ಲೊಂದು ಜಾರಿ ನಾಳಕ್ಕೆ ಅಡ್ಡ ಕೂತು, ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಆಸ್ಪತ್ರೆಯ ಡಾಕ್ಟರು ಭಾಷಾಂತರ ಮಾಡುವ ಫೋನು ಹಿಡಿದು ಕೇಳಿದರು: ಮೊದಲು ಹೀಗೆ ಆಗಿತ್ತೆ? ಲಿಫ್ಟಣ್ಣ ಆ ನೋವಿನಲ್ಲೂ ಇದ್ದದ್ದು ಇದ್ದ ಹಾಗೆ ಹೇಳಿದರು: "ಹೋದ ವರ್ಷ ಸ್ಕ್ಯಾನ್‌ನಲ್ಲಿ ಕಲ್ಲಿದೆ ಅಂದಿದ್ರು." ಡಾಕ್ಟರು ಬರೆದುಕೊಂಡರು.

ಆ ಒಂದು ಸಾಲು ಅವರ ಬುಡಕ್ಕೇ ಬಂತು. ವಿಮಾ ಕಂಪನಿಯವರು ಆಸ್ಪತ್ರೆಯ ಕಾಗದ ತರಿಸಿಕೊಂಡು, ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ, ಒಂದು ಪೈಸೆಯೂ ಕೊಡುವುದಿಲ್ಲ ಅಂದರು. ಇಲ್ಲಿನ ಆಫೀಸಿನವರು, ಅದು ಬಹುಮಾನದ ಪ್ರವಾಸ, ಕೆಲಸದ ಮೇಲೆ ಹೋದದ್ದಲ್ಲ, ನಮ್ಮ ಜವಾಬ್ದಾರಿ ಬರುವುದಿಲ್ಲ ಅಂದರು. ಗುಮಾಸ್ತ ರಜೆ ಹಾಕಿದ.

ಆರನೆಯ ದಿನ ಒಂಬತ್ತು ಜನ ವಾಪಸು ಬಂದರು. ಉದ್ದಣ್ಣ ಬರಲಿಲ್ಲ. ವೀಸಾ ಇನ್ನೂ ಇಪ್ಪತ್ತನಾಲ್ಕು ದಿನ ಇತ್ತು. ಸಂಬಳ ಕತ್ತರಿಸುತ್ತೇವೆಂದು ಮ್ಯಾನೇಜರು ಫೋನಿನಲ್ಲಿ ಹೇಳಿದ್ದಕ್ಕೆ, "ಕತ್ತರಿಸ್ಕೊಳ್ಳಿ, ಇವನನ್ನ ಇಲ್ಲಿ ಬಿಟ್ಟು ಬಂದು ಇವನ ಹೆಂಡತಿಗೆ ಏನಂತ ಮುಖ ತೋರಿಸ್ಲಿ?" ಅಂದರಂತೆ. ಆಸ್ಪತ್ರೆಯ ವರಾಂಡದ ಮೂರು ಕುರ್ಚಿಗಳ ಮೇಲೆ ಮಲಗಿದರು. ನಾಲ್ಕು ಬೇಕಾಗಿತ್ತು, ಕಾಲು ಹೊರಗೇ ಉಳಿಯುತ್ತಿತ್ತು.

ತೀವ್ರ ನಿಗಾ ಘಟಕದಿಂದ ವಾರ್ಡಿಗೆ ಬಂದ ಮೇಲೆ, ಮೂರು ದಿನಕ್ಕೊಮ್ಮೆ ಒಬ್ಬ ಹುಡುಗಿ ಬಂದು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಒಂದು ಕಾಗದ ಇಟ್ಟು ನಕ್ಕು ಹೋಗುತ್ತಿದ್ದಳು. ಅಲ್ಲಿಯವರೆಗಿನ ಬಿಲ್ಲು.

"ನಮ್ಮ ದುಡ್ಡಲ್ಲಿ ಎಷ್ಟೋ?" ಲಿಫ್ಟಣ್ಣ ಕೇಳಿದರು.

ಉದ್ದಣ್ಣ ಲೆಕ್ಕ ಹಾಕಿ ಒಂದು ಸೊನ್ನೆ ನುಂಗಿ ಹೇಳಿದರು. ಅದನ್ನು ಕೇಳಿಯೇ ಲಿಫ್ಟಣ್ಣ ಹಾಸಿಗೆಯಲ್ಲಿ ಎದ್ದು ಕೂತರು. "ಒಂಬತ್ತು ತಿಂಗಳ ಸಂಬಳ! ಕೈಗೆ ಚುಚ್ಚಿರೋ ಸೂಜಿ ಕೀಳು, ನಡಿ ಹೋಗೋಣ." ನಿಜವಾದ ಅಂಕಿ ಏಳೂವರೆ ವರ್ಷದ ಸಂಬಳ. ಅದು ತಿಳಿದದ್ದು ಊರಿಗೆ ಬಂದ ಮೇಲೆ.

ಇತ್ತ ಮನೆಯಲ್ಲಿ ಇಬ್ಬರೇ ಹೆಂಗಸರು. ಹೆಂಡತಿ ಒಂದು ಶಾಲೆಯ ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸದವರು. ಮಗಳಿಗೆ ಇಪ್ಪತ್ತಾರು, ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಕಾಗದ, ವಿಸಿಟಿಂಗ್ ಕಾರ್ಡು, ಕರಪತ್ರ ಮಾಡಿಕೊಡುತ್ತಿದ್ದಳು. ಇರುವ ಆಸ್ತಿ ಅಂದರೆ ಹಿಂದಿನ ವರ್ಷವಷ್ಟೇ ಸಾಲ ತೀರಿದ ಎರಡು ಕೋಣೆಯ ಫ್ಲಾಟು. ತಾಯಿ ಬೀರು ತೆಗೆದು ಫ್ಲಾಟಿನ ಕಾಗದಪತ್ರ ಮೇಜಿನ ಮೇಲಿಟ್ಟರು. ಮಗಳು ಅದನ್ನು ತಿರುಗಿ ಬೀರುವಿನೊಳಗೆ ಇಟ್ಟು ಕೀಲಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

ಆಮೇಲೆ ಅವಳು ಮಾಡಿದ್ದು ಎರಡು ಕೆಲಸ. ಒಂದು, ಆ ಪರದೇಶದ ಆಸ್ಪತ್ರೆಯ ಬಿಲ್ ವಿಭಾಗಕ್ಕೆ ದಿನಾ ಫೋನು. ಇಬ್ಬರಿಗೂ ಅರೆಬರೆ ಬರುವ ಭಾಷೆಯಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದರು. ಮೊದಲ ನಾಲ್ಕು ದಿನ ಅಂಕಿ ಮಾತ್ರ ಹೇಳಿದವರು ಐದನೆಯ ದಿನ ದನಿ ತಗ್ಗಿಸಿ ಹೇಳಿದರಂತೆ: ಒಂದೊಂದು ಬಾಬ್ತೂ ಬಿಡಿಬಿಡಿಯಾಗಿ ತೋರಿಸುವ ಬಿಲ್ ಕೇಳು. ಕೊಡಲಾಗದವರಿಗೆ ಒಂದು ಅರ್ಜಿ ಇದೆ, ಅದನ್ನೂ ಕೇಳು. ಕೇಳದವರಿಗೆ ನಾವು ಹೇಳುವ ಹಾಗಿಲ್ಲ.

ಬಿಡಿ ಬಿಲ್ ನಲವತ್ತೊಂದು ಪುಟ ಬಂತು. ಪ್ರೂಫ್ ನೋಡಿ ನೋಡಿ ಪಳಗಿದ ಕಣ್ಣು ಅವಳದು. ಅವಳು ಪುಟ ನೋಡುತ್ತಿದ್ದರೆ ಅತ್ತ ಉದ್ದಣ್ಣ ವಾರ್ಡಿನಲ್ಲಿ ನಿಂತು ಹೌದು, ಅಲ್ಲ ಅನ್ನುತ್ತಿದ್ದರು. ಒಂದೇ ಸ್ಕ್ಯಾನಿಗೆ ಎರಡು ಸಲ ಬರೆದಿತ್ತು. ವಾರ್ಡಿಗೆ ಬಂದ ಮೇಲೂ ಎರಡು ದಿನ ನಿಗಾ ಘಟಕದ ಬಾಡಿಗೆ. ಬಾಯಿಗೆ ಒಂದು ತೊಟ್ಟು ನೀರು ಹಾಕದ ದಿನಗಳಿಗೆ ಮೂರು ಹೊತ್ತಿನ ಊಟ. ಅವನ್ನೆಲ್ಲ ಕೆಂಪು ಗೆರೆ ಎಳೆದು ಕಳಿಸಿದಳು. ಜೊತೆಗೆ ಅರ್ಜಿ, ತಂದೆಯ ಸಂಬಳದ ಚೀಟಿ, ತಾಯಿಯದು, ತನ್ನದು. ಎರಡು ವಾರ ಎಳೆದಾಡಿ ಆಸ್ಪತ್ರೆಯವರು ಬಿಲ್ಲನ್ನು ಇಳಿಸಿ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿದರು. ಅದರಲ್ಲೂ ಮುಕ್ಕಾಲು ಪಾಲು ಕಟ್ಟಿ, ಉಳಿದದ್ದಕ್ಕೆ ಮುಚ್ಚಳಿಕೆ ಬರೆದುಕೊಟ್ಟರೆ ಬಿಡುಗಡೆ.

ಎರಡನೆಯ ಕೆಲಸವನ್ನು ಅವಳು ಯಾರನ್ನೂ ಕೇಳದೆ ಮಾಡಿದಳು. ಉದ್ದಣ್ಣನ ಫೋನಿನಿಂದ ತಂದೆಯ ಫೋಟೋ ತರಿಸಿ, ಅಂಗಡಿಯಲ್ಲಿ ಒಂದು ನೋಟೀಸು ಮಾಡಿದಳು. ಹಾಸಿಗೆ, ಮೂಗಿಗೆ ಪೈಪು, ಬೆಳೆದ ಬಿಳಿ ಗಡ್ಡ. ಕೆಳಗೆ ನಾಲ್ಕು ಸಾಲು: 'ನಿಮ್ಮ ಲಿಫ್ಟ್ ನೋಡಿಕೊಳ್ಳುವವರು ಇವರು. ಪರದೇಶದ ಆಸ್ಪತ್ರೆಯಲ್ಲಿದ್ದಾರೆ. ಬಿಲ್ ಕಟ್ಟದೆ ಬರುವಂತಿಲ್ಲ. ಕೈಲಾದಷ್ಟು ಕೊಡಿ.' ಅರವತ್ತೊಂದು ಪ್ರತಿ. ರಜೆ ಹಾಕಿ, ಮೂವತ್ತೆಂಟು ಕಟ್ಟಡಕ್ಕೂ ಹೋಗಿ, ಪ್ರತಿ ಲಿಫ್ಟಿನೊಳಗೂ ಕನ್ನಡಿಯ ಪಕ್ಕ ಅಂಟಿಸಿ ಬಂದಳು.

ತಾಯಿಗೆ ಗೊತ್ತಾದ ದಿನ ಮನೆಯಲ್ಲಿ ರಂಪವಾಯಿತು.

"ನಿಮ್ಮಪ್ಪ ಟೀ ದುಡ್ಡಿಗೂ ಕೈ ಚಾಚಿದವರಲ್ಲ ಕಣೇ!"

"ಅವರೆಲ್ಲಮ್ಮ ಚಾಚಿದ್ದು? ನಾನು ಚಾಚಿದೀನಿ. ಬೈಯೋದಾದ್ರೆ ನನ್ನ ಬೈಲಿ, ಮೊದಲು ಬರ್ಲಿ."

ಆ ನೋಟೀಸು ನಾನೂ ನೋಡಿದೆ. ಐದನೇ ಮಹಡಿಗೆ ಹೋಗುವಷ್ಟರಲ್ಲಿ ಎರಡು ಸಲ ಓದಬಹುದಿತ್ತು; ಕಣ್ಣು ತಪ್ಪಿಸಲು ಅಲ್ಲಿ ಬೇರೇನೂ ಇಲ್ಲ. ನಾನೂ ಕೊಟ್ಟೆ. ಹೆಚ್ಚೇನಲ್ಲ. ನಾನೂರಕ್ಕೂ ಮೇಲ್ಪಟ್ಟು ಜನ ಕೊಟ್ಟರು. ಬೇಕಾದುದರ ಮೂರನೇ ಒಂದು ಭಾಗ ಹೀಗೆ ಬಂತು. ಹೆಂಡತಿಯ ಬಳೆ, ಸರ, ಅವರ ತಮ್ಮ ಕೊಟ್ಟ ಕೈಸಾಲ, ಕಂಪನಿ ನಿವೃತ್ತಿಯ ಹಣದಿಂದ ಮುಂಗಡವಾಗಿ ಬಿಟ್ಟದ್ದು, ಎಲ್ಲ ಸೇರಿಸಿ ಕಟ್ಟಿದರು. ಆಸ್ಪತ್ರೆ ಸೇರಿದ ಇಪ್ಪತ್ತಮೂರನೆಯ ದಿನ ಉದ್ದಣ್ಣ ಅವರನ್ನು ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿಸಿದರು. ಉಳಿದದ್ದು ತಿಂಗಳಿಗೊಂದರಂತೆ ಮೂವತ್ತು ಕಂತು.

ಬಂದವರು ಹದಿನಾಲ್ಕು ಕೇಜಿ ಇಳಿದಿದ್ದರು. ಆರು ವಾರದ ನಂತರ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆದರು. ಮುಕ್ಕಾಲು ಗಂಟೆಯ ಕೆಲಸ, ಹಾಸಿಗೆಯ ಬಾಡಿಗೆ ಒಂದು ಊಟದ ಬೆಲೆಯಷ್ಟೂ ಇಲ್ಲ. ಡಾಕ್ಟರು ಕಲ್ಲುಗಳನ್ನು ಒಂದು ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು. ಹೆಂಡತಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟು ಕಡಲೆಬೇಳೆಗೆ ಇಷ್ಟೆಲ್ಲಾನಾ!" ಅಂದವರೇ ಅದನ್ನು ಕಸದ ಬುಟ್ಟಿಗೆ ಎಸೆದರು.

ಮೂರನೇ ತಿಂಗಳು ಕೆಲಸಕ್ಕೆ ಬಂದರು. ನೋಟೀಸಿನ ವಿಷಯ ಅವರಿಗೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹಣ ಕಂಪನಿಯವರು ಎತ್ತಿದ್ದು ಎಂದೇ ತಿಳಿದಿದ್ದರು. ಮಗಳು ಬಹಳಷ್ಟು ಕಡೆ ಕಿತ್ತಿದ್ದಳು, ಎಲ್ಲ ಕಡೆಯೂ ಆಗಿರಲಿಲ್ಲ. ಮೊದಲ ದಿನ, ಮೊದಲ ಕಟ್ಟಡ. ಬಾಗಿಲು ತೆರೆಯಿತು, ಕನ್ನಡಿಯ ಪಕ್ಕ ಅವರ ಮುಖವೇ. ಒಳಗಿದ್ದ ಹೆಂಗಸೊಬ್ಬರು ನೋಟೀಸು ನೋಡಿದರು, ಇವರನ್ನು ನೋಡಿದರು, "ಈಗ ಹೇಗಿದೀರಿ?" ಎಂದು ಕೇಳಿದರು. "ಪರವಾಗಿಲ್ಲ" ಎಂದ ಲಿಫ್ಟಣ್ಣ ಎಂಟನೇ ಮಹಡಿಗೆ ಹೋಗಬೇಕಾದವರು ಆರರಲ್ಲೇ ಇಳಿದು, ಉಳಿದ ಎರಡು ಮಹಡಿ ಮೆಟ್ಟಿಲು ಹತ್ತಿದರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು.

ಮನೆಗೆ ಹೋಗಿ ಮಗಳ ಮುಂದೆ ಆ ಕಾಗದ ಇಟ್ಟರು.

"ಊರವರ ಮುಂದೆ ನನ್ನ ಬೆತ್ತಲೆ ನಿಲ್ಲಿಸ್ದಲ್ಲಮ್ಮ."

"ತಪ್ಪಾಯ್ತಪ್ಪ. ಆದ್ರೆ ಒಂದು ಹೇಳಿ, ನಾನು ಯಾವುದು ವಾಪಸ್ ತಗೊಳ್ಲಿ? ಈ ಕಾಗದಾನಾ, ನಿಮ್ಮನ್ನಾ?"

ಲಿಫ್ಟಣ್ಣ ಹನ್ನೊಂದು ದಿನ ಅವಳೊಡನೆ ಮಾತಾಡಲಿಲ್ಲ. ಏನಾದರೂ ಬೇಕಾದರೆ, "ಉಪ್ಪು ಕೊಡೋಕೆ ಹೇಳು" ಎಂದು ಹೆಂಡತಿಗೆ ಹೇಳುತ್ತಿದ್ದರು. ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು.

ಉದ್ದಣ್ಣ ಬುದ್ಧಿ ಹೇಳಲು ನೋಡಿದರು. ನಮ್ಮ ಕಟ್ಟಡದ ಮಷಿನ್ ರೂಮಿನಲ್ಲಿ ಇಬ್ಬರೂ ಬ್ರೇಕಿಗೆ ಹೊಸ ಪಟ್ಟಿ ಹಾಕುತ್ತಿದ್ದರು. ನೀರಿನ ಟ್ಯಾಂಕು ನೋಡಲು ಹೋಗಿದ್ದ ನಾನು ಬಾಗಿಲಲ್ಲೇ ಇದ್ದೆ.

"ಮೂವತ್ತು ವರ್ಷದಿಂದ ಲಿಫ್ಟಲ್ಲಿ ಸಿಕ್ಕಾಕೊಂಡೋರನ್ನ ಹೊರಗೆ ತೆಗೀತಿದೀಯ. ಅವರೇನಾದ್ರೂ ನಾಚ್ಕೊಂಡ್ರಾ?"

"ನಾಚ್ಕೋತಾರೆ" ಎಂದರು ಲಿಫ್ಟಣ್ಣ. "ನೀನು ಮೇಲೆ ಇಲ್ಲಿ ಚಕ್ರ ತಿರುಗಿಸ್ತಿರ್ತೀಯ, ನಿನಗೆ ಕಾಣಲ್ಲ. ಬಾಗಿಲು ತೆಗೆಯೋನು ನಾನು. ಒಳಗಿದ್ದಾಗ ಕಿರುಚ್ತಿರ್ತಾರೆ, ಹೊರಗೆ ಬಂದ ತಕ್ಷಣ ನನ್ನ ಮುಖ ನೋಡದೆ ಹೋಗ್ತಾರೆ. ಎಲ್ರೂ ಅಷ್ಟೇ."

"ಹೋಗ್ಲಿ ಬಿಡು. ಹೋಗಿ ಬದುಕ್ತಾರೆ ತಾನೆ?"

ಲಿಫ್ಟಣ್ಣ ಬ್ರೇಕಿನ ಸ್ಕ್ರೂ ಬಿಗಿ ಮಾಡಿದರು. ಆ ಸಂಜೆ ಮಗಳಿಗೆ, "ಅಂಗಡಿಯಲ್ಲಿ ಅರವತ್ತೊಂದು ಪ್ರತಿಗೆ ದುಡ್ಡು ಕೊಟ್ಯಾ, ಹಾಗೇ ಹೊಡೆದ್ಯಾ?" ಎಂದು ಕೇಳಿದರಂತೆ. ಕೊಟ್ಟೆ ಅಂದಳು. "ಕಪ್ಪುಬಿಳುಪು ಮಾಡಿದ್ರೆ ಸಾಕಾಗಿತ್ತು" ಅಂದರು. ಮಾತು ಹೀಗೆ ಮತ್ತೆ ಶುರುವಾಯಿತು.

ಆದರೆ ಕೊಟ್ಟವರ ಕಣ್ಣು ಅಷ್ಟು ಬೇಗ ಬಿಡುವುದಿಲ್ಲ. ಬೇರೆಯವರ ಮಾತೇಕೆ, ನನ್ನದೇ ಹೇಳುತ್ತೇನೆ. ಒಂದು ದಿನ ಅವರ ಕಾಲಲ್ಲಿ ಹೊಸ ಬೂಟು ಕಂಡಿತು. ಒಳ್ಳೆಯ ಚರ್ಮದ್ದು. ನನ್ನ ಮನಸ್ಸು 'ಓಹೋ' ಅಂದುಬಿಟ್ಟಿತು. ಲಿಫ್ಟಣ್ಣ ನನ್ನ ಕಣ್ಣು ಹೋದ ಕಡೆ ತಾವೂ ನೋಡಿ, "ಕಂಪನಿಯವರು ವರ್ಷಕ್ಕೊಂದು ಜೊತೆ ಕೊಡ್ತಾರೆ ಸಾರ್, ಕರೆಂಟ್ ಹೊಡೀದೇ ಇರೋಕೆ" ಅಂದರು. ಸಿಟ್ಟಿರಲಿಲ್ಲ. ಅಷ್ಟು ಹೊತ್ತಿಗಾಗಲೇ ಇಂಥ ಉತ್ತರ ಹೇಳಿ ಹೇಳಿ ಅವರಿಗೆ ರೂಢಿಯಾಗಿತ್ತು. ನಾನು ನೆಲಕ್ಕಿಳಿದು ಹೋದೆ. ನಾನು ಕೊಟ್ಟ ಹಣದಲ್ಲಿ ಆ ಬೂಟಿನ ಲೇಸೂ ಬರುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಕೊಟ್ಟವರು ದೊಡ್ಡ ರಸ್ತೆಯ ಕಟ್ಟಡವೊಂದರ ಮಾಲೀಕರು. ಇಡೀ ಕಟ್ಟಡ ಅವರದು, ಮೇಲಿನ ಮಹಡಿಯಲ್ಲಿ ವಾಸ. ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ನೆಂಟರು ಬರುವವರಿದ್ದರು. ಲಿಫ್ಟು ಕೆಳಗೆ ನಿಂತುಬಿಟ್ಟಿತು. ಒಳಗೆ ಯಾರೂ ಇರಲಿಲ್ಲ. ಲಿಫ್ಟಣ್ಣ, ಉದ್ದಣ್ಣ ಅಲ್ಲಿಗೆ ಹೋಗಿ ಚೀಲ ಬಿಚ್ಚುತ್ತಿದ್ದಂತೆ ಇನ್ನೊಂದು ಫೋನು: ಆಚೆ ಬೀದಿಯ ಹಳೇ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಒಬ್ಬ ಬಸುರಿ ಸಿಕ್ಕಿಕೊಂಡಿದ್ದಾಳೆ. ಲಿಫ್ಟಣ್ಣ ಚೀಲ ಕಟ್ಟಿದರು.

ಮಾಲೀಕರು ಮೆಟ್ಟಿಲಿಳಿದು ಬಂದರು. "ಎಲ್ಲಿಗೆ? ಇದನ್ನ ಮುಗಿಸಿ ಹೋಗಿ."

"ಅಲ್ಲಿ ಒಳಗೆ ಒಬ್ರಿದಾರೆ ಸಾರ್. ಮುಕ್ಕಾಲು ಗಂಟೇಲಿ ಬಂದುಬಿಡ್ತೀನಿ."

"ನಿಮ್ಮ ಕಷ್ಟದಲ್ಲಿ ಯಾರು ಎಷ್ಟು ಕೊಟ್ರು ಅನ್ನೋದು ನೆನಪಿದೆ ತಾನೆ?"

"ಇದೆ ಸಾರ್. ಸಾಯೋವರೆಗೂ ಇರುತ್ತೆ. ಹೋಗಿ ಬರ್ತೀನಿ."

ಉದ್ದಣ್ಣ ಮೇಲಿನ ಕೋಣೆಯಲ್ಲಿ ಕರೆಂಟು ತೆಗೆದು, ಬ್ರೇಕು ಬಿಡಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಲಿಫ್ಟಣ್ಣ ಎರಡನೇ ಮಹಡಿಯಲ್ಲಿ ಬಾಗಿಲು ತೆಗೆದರು. ಆ ಹುಡುಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು, ನೀರು ಕುಡಿದಳು, ನಡೆದುಕೊಂಡು ಮನೆಗೆ ಹೋದಳು. ಇವರು ಮಾಲೀಕರ ಕಟ್ಟಡಕ್ಕೆ ಮರಳುವ ಹೊತ್ತಿಗೆ ನೆಂಟರು ಏದುಸಿರು ಬಿಡುತ್ತ ಏಳು ಮಹಡಿ ಹತ್ತಿ ಆಗಿತ್ತು. ಮಾಲೀಕರು ಎಲ್ಲರ ಮುಂದೆ, "ಉಪಕಾರ ಸ್ಮರಣೆ ಇಲ್ಲದ ಜನ. ಅಷ್ಟು ನಿಯತ್ತಿದ್ರೆ ಆ ಹಣ ವಾಪಸ್ ಕೊಡಲಿ" ಅಂದರು.

ಬಾಯಿಗೆ ಬಂದ ಮಾತು, ನಾಳೆಗೆ ಮರೆಯುತ್ತಾರೆ ಎಂದರು ಉದ್ದಣ್ಣ. ಲಿಫ್ಟಣ್ಣ ಮರೆಯಲಿಲ್ಲ. ಮುಂದಿನ ಸಂಬಳದ ದಿನವೇ ಅವರು ಕೊಟ್ಟಿದ್ದರ ಹತ್ತರಲ್ಲಿ ಒಂದು ಪಾಲು ಲಕೋಟೆಯಲ್ಲಿಟ್ಟು ಕೊಟ್ಟು ಬಂದರು. ಮಾಲೀಕರು ಬೇಡ ಎನ್ನಬಹುದೆಂದು ಮನೆಯವರಿಗೆ ಆಸೆಯಿತ್ತು. ಎನ್ನಲಿಲ್ಲ. ಹತ್ತು ತಿಂಗಳು, ಹತ್ತು ಲಕೋಟೆ, ಹತ್ತನ್ನೂ ತೆಗೆದುಕೊಂಡರು. ಆ ಹತ್ತು ತಿಂಗಳು ಮನೆಯಲ್ಲಿ ಹಾಲು ಅರ್ಧ ಲೀಟರಿಗೆ ಇಳಿಯಿತು, ಮಗಳು ಸಂಜೆಯೂ ಇನ್ನೊಂದು ಅಂಗಡಿಯಲ್ಲಿ ಕೆಲಸ ಹಿಡಿದಳು. ವಿಚಿತ್ರವೆಂದರೆ ಕೊನೆಯ ಲಕೋಟೆ ಕೊಟ್ಟ ಮೇಲೆ ಮಾಲೀಕರೇ ಮೊದಲು ನಮಸ್ಕಾರ ಹೇಳತೊಡಗಿದರು. ಲಿಫ್ಟಣ್ಣನೂ ನಗುತ್ತಲೇ ನಮಸ್ಕಾರ ಹೇಳುತ್ತಿದ್ದರು. "ಊರಲ್ಲೆಲ್ಲ ಅವರೊಬ್ಬರ ಎದುರು ನನಗೀಗ ಆರಾಮ" ಎಂದರು ಒಮ್ಮೆ ನನ್ನ ಹತ್ತಿರ.

"ಉಳಿದ ನಾನೂರು ಜನದ್ದು?"

"ಅವರು ಕೇಳಲ್ಲ ಸಾರ್. ಅದೇ ಕಷ್ಟ."

ಆಸ್ಪತ್ರೆಯ ಮೂವತ್ತು ಕಂತೂ ಮುಗಿದವು. ಒಂದೂ ತಪ್ಪಲಿಲ್ಲ, ಎರಡು ಸಲ ಉದ್ದಣ್ಣನಿಂದ ಸಾಲ ಪಡೆದು ಕಟ್ಟಿದ್ದುಂಟು. ಅದಾಗಿ ಐದು ತಿಂಗಳಿಗೆ ವಿಮಾ ಕಂಪನಿಯಿಂದ ಕಾಗದ ಬಂತು. ಅರ್ಜಿ ತುಂಬಿದ್ದು ಅಪ್ಪನಲ್ಲ, ಆಫೀಸಿನ ಗುಮಾಸ್ತನೆಂದು ಮಗಳು ಹಿಂದೆಯೇ ಬರೆದಿದ್ದ ದೂರನ್ನು ಕೊನೆಗೂ ಪರಿಶೀಲಿಸಿ, ಖರ್ಚಿನ ಸಣ್ಣದೊಂದು ಭಾಗ ಕೊಡಲು ಒಪ್ಪಿದ್ದರು. ಕೈಸಾಲವನ್ನೆಲ್ಲ ತೀರಿಸಿ ಸ್ವಲ್ಪ ಉಳಿಯಿತು. ಅದನ್ನೇನು ಮಾಡುವುದೆಂದು ಮೂವರೂ ಊಟಕ್ಕೆ ಕೂತಾಗ ಮಾತು ಬಂತು. ಆಗ ಹೆಂಡತಿ, "ನನಗೊಂದಿಷ್ಟು ಕೊಡಿ, ಹಲ್ಲು ಕೀಳಿಸ್ಬೇಕು" ಅಂದರು.

ಯಾವ ಹಲ್ಲು, ಯಾವಾಗಿನಿಂದ ಎಂದು ಇಬ್ಬರೂ ಕೇಳಿದರು. ಎಡಗಡೆ ಎರಡು ದವಡೆ ಹಲ್ಲು ಹುಳುಕಾಗಿ ಮೂರು ವರ್ಷವಾಗಿತ್ತು. ಅಷ್ಟೂ ದಿನ ಬಲಗಡೆಯೇ ಅಗಿಯುತ್ತಿದ್ದರು. ದಿನಾ ಎದುರಿಗೆ ಕೂತು ಉಣ್ಣುವ ಗಂಡನಿಗಾಗಲಿ ಮಗಳಿಗಾಗಲಿ ಅದು ಕಂಡಿರಲಿಲ್ಲ.

"ಒಂದು ಮಾತು ಹೇಳೋದಲ್ವಾ?" ಅಂದರು ಲಿಫ್ಟಣ್ಣ.

"ಹೇಳಿದ್ರೆ ನಿಮ್ಮ ಮಗಳು ನನ್ನ ಫೋಟೋನೂ ಅಂಟಿಸ್ತಿದ್ಲು. ಬಾಯಿ ಬಿಟ್ಕೊಂಡು."

ಮೂವರೂ ನಕ್ಕರಂತೆ. ಹೆಂಡತಿ ಎಡಗೈಯಲ್ಲಿ ದವಡೆ ಹಿಡಿದುಕೊಂಡು ನಕ್ಕರು. ಮರುದಿನ ಲಿಫ್ಟಣ್ಣ ಮೂವತ್ತಮೂರು ವರ್ಷದ ನೌಕರಿಯಲ್ಲಿ ಮೊದಲ ಸಲ, ತಮಗಲ್ಲದ ಕಾಯಿಲೆಗೆ ಅರ್ಧ ದಿನ ರಜೆ ಬರೆದುಕೊಟ್ಟು ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.